ಅಣ್ಣನಿಲ್ಲದ ಚಿತ್ರ

ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಚಿಕ್ಕಂದಿನಿಂದ ದುಡಿದ ಅವಳನ್ನು ಬೀದಿಯವರೆಲ್ಲ ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅವಳಿಗೊಂದು ಮಾತೂ ಹೇಳದೆ ಅಪ್ಪನ ದೊಡ್ಡ ಕ್ಯಾಮೆರಾವನ್ನು ಯಾವುದೋ ಹೋಟೆಲಿನ ಅಲಂಕಾರಕ್ಕೆ ಮಾರಿಬಿಟ್ಟ. ಕೇಳಿದರೆ ನಕ್ಕ. ಆ ನಗುವನ್ನು ಅವಳು ಮರೆಯಲಿಲ್ಲ.

ತಾನೇ ಒಂದು ಕ್ಯಾಮೆರಾ ಮಾಡಲು ಅವಳು ಹಳೇ ಬೀರುವಿನ ಪ್ಲೈವುಡ್ ಕತ್ತರಿಸಿ ದೊಡ್ಡ ಪೆಟ್ಟಿಗೆ ಮಾಡಿದಳು. ಮುಂದೆ ಕೆಟ್ಟ ಜೆರಾಕ್ಸ್ ಮೆಷಿನ್ನಿನ ಲೆನ್ಸು, ಒಳಗೆ ಬಿಳಿ ಪರದೆ. ಪರದೆಯ ಮೇಲೆ ತಲೆಕೆಳಗಾಗಿ ಬೀಳುವ ಚಿತ್ರವನ್ನು ಒಳಗೇ ಕೂರಿಸಿದ ಪುಟ್ಟ ಡಿಜಿಟಲ್ ಕ್ಯಾಮೆರಾ ಸೆರೆಹಿಡಿಯುತ್ತಿತ್ತು. ಬೆಳಕು ಸೋರಿ ಚಿತ್ರ ಕೆಟ್ಟಾಗಲೆಲ್ಲ ಅಣ್ಣನ ನಗು ನೆನೆದು ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

ಅಮ್ಮನ ಮನೆಗೆ ನೆಂಟರೆಲ್ಲ ಬಂದ ದಿನ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು ಅವರನ್ನು ಸಾಲಾಗಿ ನಿಲ್ಲಿಸಿದಳು. ಅಣ್ಣ ಕ್ರಾಪು ಸರಿಮಾಡಿಕೊಂಡು ತುದಿಯಲ್ಲಿ ನಿಂತ.

"ಸ್ವಲ್ಪ ಆಚೆ ಹೋಗಣ್ಣ. ಇನ್ನೂ ಸ್ವಲ್ಪ... ಹಾಂ, ಈಗ ಸರಿಯಾಯ್ತು."

ವಾರದೊಳಗೆ ಬಾಗಿಲಷ್ಟು ದೊಡ್ಡ ಚಿತ್ರ ಅಮ್ಮನ ಮನೆಯ ಗೋಡೆ ಏರಿತು. ಅಣ್ಣ ಅದರ ಮುಂದೆ ನಿಂತು ಹುಡುಕಾಡಿದ. "ನಾನೆಲ್ಲೇ?"

"ನಿನ್ನ ಕೇಳದೇನೇ ಚಿತ್ರದಿಂದ ಆಚೆ ನಿಲ್ಲಿಸ್ದೆ. ಅಪ್ಪನ ಕ್ಯಾಮೆರಾ ಮಾರೋವಾಗ ನೀನು ನನ್ನ ಕೇಳಿದ್ಯಾ?"

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅವನನ್ನೂ ಸೇರಿಸಿ ಇನ್ನೊಂದು ತೆಗಿಯೇ," ಎಂದು ಅಮ್ಮ ಅಂಗಲಾಚಿದಳು.

"ಅದೊಂದು ಕೇಳಬೇಡಮ್ಮ," ಎಂದು ಅವಳು ಪೆಟ್ಟಿಗೆಗೆ ಬಟ್ಟೆ ಹೊದಿಸಿದಳು.