ಅನಿಯೆಲ್ಲೊ ಹೊಲಿಸಿದ ಟೊರಿನೊ ಕೋಟು

ಕೈ ಕಟ್ಟಿದರೆ ಬಾಯಿಯೂ ಕಟ್ಟಿಹೋಗುವ ಜನ ನಾವು ನೇಪಲ್ಸಿನವರು. ಅದರಲ್ಲಿ ಮೀನು ಮಾರುವ ಅನಿಯೆಲ್ಲೊ ಎಲ್ಲರಿಗಿಂತ ಒಂದು ಕೈ ಮೇಲು. ಪಿನ್ಯಸೆಕ್ಕಾ ಸಂತೆಯಲ್ಲಿ ಅವನು ಬೂತಾಯಿ ಮೀನನ್ನು ಹೊಗಳಲು ಶುರು ಮಾಡಿದರೆ ಮೇಲಿನ ಮಹಡಿಗಳ ಹೆಂಗಸರು ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತಾರೆ. ಅವನ ದನಿ ಕಿವಿಗೆ ಬೀಳುವ ಮೊದಲೇ ಕೈಗಳು ಕಣ್ಣಿಗೆ ಬಿದ್ದಿರುತ್ತವೆ. ಮೈಮೇಲೆ ವರ್ಷವಿಡೀ ಅದೇ ಬನಿಯನ್ನು, ಅದೇ ರಬ್ಬರಿನ ಏಪ್ರನ್ನು.

ಇಂಥವನ ಮಗಳು ರೊಸಾರಿಯಾ ದೂರದ ಟೊರಿನೊ ಊರಿನ ಹುಡುಗನನ್ನು ಮೆಚ್ಚಿದಳು. ನಿಶ್ಚಯದ ಊಟಕ್ಕೆ ಅನಿಯೆಲ್ಲೊ ಭಾವಮೈದುನನ ಕೋಟು ತೊಟ್ಟು ಹೋದ. ಬಿಗಿಯಾದ ಆ ಕೋಟಿನಲ್ಲಿ ಕೈ ಎತ್ತಲಾಗದೆ, ಊಟ ಮುಗಿಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಬೀಗರು ಸಿನ್ಯೋರ್ ಗಾರ್ನೆರೊ ಉತ್ತರದ ಕಡೆಯ ಗಂಭೀರ ಮನುಷ್ಯ. 'ಹುಡುಗಿಯ ತಂದೆಗೆ ಈ ಸಂಬಂಧ ಒಪ್ಪಿಗೆಯಿಲ್ಲ' ಎಂದು ಮಗನ ಹತ್ತಿರ ಹೇಳಿ ಮುಖ ಸಣ್ಣ ಮಾಡಿಕೊಂಡು ರೈಲು ಹತ್ತಿದರು. ರೊಸಾರಿಯಾ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಳು.

"ಅಪ್ಪಾ, ಮದ್ವೆ ದಿನಾನೂ ಹೀಗೇ ಬಾಯಿ ಮುಚ್ಕೊಂಡು ಕೂತ್ರೆ ನಾನು ಆ ಮನೇಲಿ ಯಾವ ಮುಖ ಇಟ್ಕೊಂಡು ಬಾಳ್ಲಿ ಅಂತೀಯಾ?"

ಅದಕ್ಕೇ ಅನಿಯೆಲ್ಲೊ ನಮ್ಮ ಅಂಗಡಿಗೆ ಬಂದ. ದರ್ಜಿ ದೋನ್ ಸಬತೀನೊ ಯಜಮಾನರು. ನಾನು, ತಿತೀನಾ, ಅಲ್ಲಿ ಕಾಜಾ ಹೊಲಿಯುವವಳು. ಅನಿಯೆಲ್ಲೊ ಒಳ್ಳೆಯ ಬಟ್ಟೆಯನ್ನೇ ಆರಿಸಿದ, ಕಡುನೀಲಿ. ಬುದ್ಧಿ ಕೈಕೊಟ್ಟದ್ದು ಆಮೇಲೆ.

"ದೋನ್ ಸಬತೀನೊ, ನನಗೆ ಟೊರಿನೊದವರ ಥರದ ಕೋಟೇ ಬೇಕು. ಭುಜಕ್ಕೆ ಹತ್ತಿ ತುಂಬಿ, ಸೆಟೆದು ನಿಲ್ಲೋ ಹಾಗೆ."

"ಹಲಗೆ ಬೇಕಿದ್ರೆ ಬಡಗಿ ಹತ್ರ ಹೋಗು."

"ಬೀಗರ ಮುಂದೆ ಮೀನು ಮಾರೋನ ಥರ ಕಾಣಬಾರದು, ಅಷ್ಟೇ."

ಯಜಮಾನರಿಗೆ ರೇಗಿತು. ರೇಗಿದರೆ ಗಿರಾಕಿ ಹೇಳಿದ್ದನ್ನು ಅಕ್ಷರಶಃ ಮಾಡಿಬಿಡುವ ಹಟಮಾರಿ ಅವರು. ಮಾಡಿಯೇಬಿಟ್ಟರು.

ಕಚ್ಚಾ ಹೊಲಿಗೆ ಹಾಕಿದ ಕೋಟು ತೊಟ್ಟು ನೋಡುವ ದಿನ ಅನಿಯೆಲ್ಲೊ ಹೆಂಡತಿ ಅಸ್ಸುಂತಾಳನ್ನೂ ಕರೆತಂದಿದ್ದ. ಕನ್ನಡಿಯ ಮುಂದೆ ಉಸಿರು ಹಿಡಿದು ನಿಂತ. ಒಂದು ಸುಕ್ಕಿಲ್ಲ, ಒಂದು ಮಡಿಕೆಯಿಲ್ಲ. ಅಸ್ಸುಂತಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಚೆನ್ನಾಗಿದೆ," ಎಂದ ಅನಿಯೆಲ್ಲೊ, ಪಾಪನಿವೇದನೆಗೆ ಬಂದವನ ದನಿಯಲ್ಲಿ.

ಅವನ ಕೈಗಳು ಪಕ್ಕದಿಂದ ಅಲುಗಿರಲಿಲ್ಲ. ಕೋಟು ಹೀಗೇ ಮುಗಿದರೆ ಆ ಹುಡುಗಿಯ ಗತಿ? ಯಜಮಾನರಿಗೆ ಹೇಳೋಣವೆಂದರೆ ಅವರ ಮುಖ ಇನ್ನೂ ಸಿಂಡರಿಸಿಯೇ ಇತ್ತು. ಸೂಜಿ ಕೆಳಗಿಟ್ಟೆ.

"ಅನಿಯೆಲ್ಲೊ, ನಿನ್ನೆ ನಿನ್ನ ಹತ್ರ ತಗೊಂಡ ಬೂತಾಯಿ ನಾರ್ತಿತ್ತು ಕಣೋ. ಬೆಕ್ಕೂ ಮೂಸ್ಲಿಲ್ಲ."

ಶುದ್ಧ ಸುಳ್ಳು. ಅವನ ಅಂಗಡಿಯಲ್ಲಿ ಹಳಸಿದ ಮೀನೆಂಬುದೇ ಇಲ್ಲ.

"ಏನಂದೆ? ನನ್ನ ಮೀನು? ನಾರ್ತಿತ್ತಾ?" ಎರಡೂ ಕೈ ಸೂರಿನತ್ತ ಹಾರಿದವು. ಕೋಟು ಜತೆಗೇ ಎದ್ದು ಕಿವಿ ಮುಚ್ಚಿತು. ಚರ್‍ರೆಂದು ಕೋಟಿನ ಬಲತೋಳು ಕಳಚಿ ಕೈಯಲ್ಲೇ ನೇತಾಡಿತು. "ಬೆಳಗಿನ ಜಾವ ದೋಣಿಯಿಂದ ನಾನೇ ಇಳಿಸ್ಕೊಂಡಿದ್ದು, ತಿಳೀತಾ! ನಿನ್ನ ಬೆಕ್ಕಿಗೆ ಮೂಗಿಲ್ಲ, ನಿನಗೆ ನಾಚಿಕೆಯಿಲ್ಲ!"

"ಅಯ್ಯೋ, ಕೋಟು!" ಎಂದು ಅಸ್ಸುಂತಾ ಚೀರಿದಳು.

ಯಜಮಾನರು ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ತೂಗಾಡುವ ತೋಳನ್ನು ನೋಡಿದರು, ಬೀಸುವ ಕೈ ನೋಡಿದರು. ಮೀಸೆಯಡಿ ನಗು ಒಡೆಯಿತು. ಸೀಮೆಸುಣ್ಣ ಹಿಡಿದು ಅವನ ಹಿಂದೆ ಓಡಿದರು.

"ತಿತೀನಾ, ನಿಲ್ಲಿಸ್ಬೇಡ, ಇನ್ನೂ ಬಯ್ಯಿ! ಅನಿಯೆಲ್ಲೊ, ನಿನ್ನಪ್ಪನ ಮೀನೂ ಅಷ್ಟಕ್ಕಷ್ಟೇ ಅಂತಿದ್ರಲ್ಲೋ!"

"ನಮ್ಮಪ್ಪನ ಸುದ್ದಿಗೆ ಬಂದ್ರೆ ನೋಡಿ!"

ಅವನು ಹಾರಾಡಿದಂತೆಲ್ಲ ಇವರು ಅವನ ಕಂಕುಳ ಸುತ್ತ ಗೆರೆ ಎಳೆದರು, ಭುಜದ ಹತ್ತಿಯನ್ನು ಕಿತ್ತು ಕಿತ್ತು ಎಸೆದರು. ನಾವು ಮೂವರೂ ನಗುವುದು ಕಂಡ ಮೇಲೇ ಅವನಿಗೆ ಮೋಸ ಗೊತ್ತಾಗಿದ್ದು. ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಯಜಮಾನರು ಕೋಟಿನ ಮುಂಭಾಗವನ್ನೇ ಹೊಸದಾಗಿ ಕತ್ತರಿಸಿದರು: ಕೈ ಎತ್ತಿದರೂ ಕೋಟು ಜತೆಗೆ ಏಳದ ಹಾಗೆ ಕಂಕುಳಿನ ಸುತ್ತು ಮೇಲಕ್ಕೆ, ಚಿಕ್ಕದಾಗಿ, ತೋಳಿಗೆ ಧಾರಾಳವಾಗಿ ಬಟ್ಟೆ. ಭುಜದಲ್ಲಿ ಅನಿಯೆಲ್ಲೊನ ಭುಜ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಮದುವೆಯ ಊಟದಲ್ಲಿ ನನ್ನನ್ನು ಸಿನ್ಯೋರ್ ಗಾರ್ನೆರೊ ಪಕ್ಕದಲ್ಲೇ ಕೂರಿಸಿದ್ದರು. ಅನಿಯೆಲ್ಲೊ ಲೋಟ ಹಿಡಿದು ಎದ್ದ.

ಲೋಟವನ್ನು ಮೇಜಿನ ಮೇಲಿಟ್ಟ. ಅವನಿಗೆ ಎರಡೂ ಕೈ ಬೇಕಿತ್ತು. ರೊಸಾರಿಯಾ ಹುಟ್ಟಿದ್ದು ಹೇಳಿದ, ಅವಳಿಗೆ ದಡಾರ ಬಂದಾಗ ಮಾಡಿಕೊಂಡ ಹರಕೆ ಹೇಳಿದ, ಅಳಿಯನನ್ನು ಹೊಗಳಿದ, ಹೊಗಳುತ್ತಲೇ ಬೆದರಿಸಿದ. ತಟ್ಟೆಯ ಪಾಸ್ತಾ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಕೈಗಳು ಆಕಾಶ ಭೂಮಿ ಒಂದು ಮಾಡುತ್ತಿದ್ದರೂ ಕಾಲರು ಕತ್ತಿನಿಂದ ಕದಲಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಕಣ್ಣು ಮಂಜಾಗಿ ಅದೂ ಕಾಣದಾಯಿತು. ರೊಸಾರಿಯಾ ಓಡಿಹೋಗಿ ಆ ಕೈಗಳೊಳಗೆ ಸೇರಿಕೊಂಡಳು.

ನಮ್ಮ ಬೀದಿಯ ಮಾತು ಒಂದಕ್ಷರ ತಿಳಿಯದ ಸಿನ್ಯೋರ್ ಗಾರ್ನೆರೊ ಕರವಸ್ತ್ರದಿಂದ ಮೂಗು ಒರೆಸಿಕೊಂಡು ನನ್ನ ಕಡೆ ಬಾಗಿದರು.

"ಏನು ಹೇಳಿದ್ರು ಅವರು?"

"ಒಪ್ಪಿಗೆ ಅಂದ್ರು."

"ಇಷ್ಟು ಹೊತ್ತೂ ಹೇಳಿದ್ದು ಅದೊಂದೇನಾ?"

"ಅದೊಂದೇ," ಎಂದೆ.