ಕಾಗೆ ಕಾಣದ ಒಂದು ದಿನ

ಸತ್ತವರು ಕಾಗೆಯಾಗಿ ಬರುತ್ತಾರೆಂಬುದನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ‘ಕಾಗೆ ಹಾರಿಸಬೇಡ ಮಾರಾಯ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಂಬುತ್ತೇನೆ ಎಂದೇನೂ ಅಲ್ಲ. ಆದರೆ ಎಂಬತ್ತರ ದಶಕದ ಕೊನೆಗೆ, ಒಂದು ಡಿಸೆಂಬರಿನ ಕೊನೆಯ ದಿನ ಕಾರವಾರದಲ್ಲಿ ನಡೆದದ್ದನ್ನು ನೆನೆದರೆ ಮೊದಲಿನ ಹಾಗೆ ನಗಲು ಬರುವುದಿಲ್ಲ. ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮ್ಮ ಮರ್ಜಿ.

ಆಗ ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡು ಹಕ್ಕಿಗಳ ಹುಚ್ಚು ಹತ್ತಿಸಿಕೊಂಡಿದ್ದೆ. ಧಾರವಾಡದ ಗೆಳೆಯನೊಬ್ಬನಿಗೂ ಅದೇ ಹುಚ್ಚು. ವರ್ಷದೊಳಗೆ ಇನ್ನೂರು ಜಾತಿಯ ಹಕ್ಕಿಗಳು, ಕಂಡರೆ ಸಾಲದು, ಫೋಟೊ ಬೇಕು ಎಂದು ಇಬ್ಬರೂ ಪಂಥ ಕಟ್ಟಿದ್ದೆವು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತುತ್ತಿದ್ದೆ. ಅಗಸೂರಿನ ಹೊಳೆದಂಡೆ, ಕದ್ರಾದ ಕಾಡು, ಗೋವೆಯ ಉಪ್ಪುನೀರಿನ ಗಜನಿ ಗದ್ದೆಗಳು ಎಲ್ಲ ಸುತ್ತಿದೆ. ಒಂದು ಮಂಗಟ್ಟೆ ಹಕ್ಕಿಗಾಗಿ ಮರದಡಿ ಕೂತು ಮೈತುಂಬ ಉಣುಗು ಕಚ್ಚಿಸಿಕೊಂಡೆ. ಇಷ್ಟಾಗಿ ಡಿಸೆಂಬರಿನ ಕೊನೆಗೆ ಲೆಕ್ಕ ಹಾಕಿದರೆ ಇನ್ನೂರಕ್ಕೆ ಒಂದು ಕಡಿಮೆ.

ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಹೊಳೆಯಿತು. ಊರಕಾಗೆಯ ಫೋಟೊವನ್ನೇ ತೆಗೆದಿರಲಿಲ್ಲ! ಪೂರಾ ಕಪ್ಪಗಿನ ಕಾಡುಕಾಗೆಯನ್ನು ಕದ್ರಾದಲ್ಲಿ ತೆಗೆದಿದ್ದೆ. ಬೂದು ಕುತ್ತಿಗೆಯ ನಮ್ಮ ಅಂಗಳದ ಕಾಗೆಗೆ ಮಾತ್ರ ಫಿಲ್ಮು ಖರ್ಚು ಮಾಡುವ ಮನಸ್ಸಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಕೊನೆಯ ದಿನ ಬೆಳಿಗ್ಗೆ ನನ್ನಷ್ಟಕ್ಕೇ ನಗುತ್ತ ಕ್ಯಾಮೆರಾ ಹಿಡಿದು ಹಿತ್ತಲಿಗೆ ಹೋದೆ. ಕಾಗೆ ಇರಲಿಲ್ಲ. ಅನ್ನ ಎಸೆದೆ, ಬರಲಿಲ್ಲ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲೂ ಇಲ್ಲ. ಕಾರವಾರದ ಮೀನುಪೇಟೆಯಲ್ಲಿ ಕಾಗೆಗೆ ಬರವೇ ಎಂದು ಬಸ್ಸು ಹತ್ತಿದೆ. ಅಲ್ಲಿ ಬಂಗಡೆಯ ರಾಶಿ ಬಿದ್ದಿತ್ತು, ಬೆಕ್ಕುಗಳಿದ್ದವು, ಮೇಲೆ ಹದ್ದು ಸುತ್ತುತ್ತಿತ್ತು. ಕಾಗೆ ಒಂದೂ ಇಲ್ಲ. ಸಮುದ್ರದ ಮೇಲೆ ಚಳಿಗಾಲದ ಮಬ್ಬು ಕವಿದು ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಜನರ ಮಾತು ಪಕ್ಕದಲ್ಲೇ ಇದ್ದರೂ ದೂರದಿಂದ ಬಂದಂತೆ ಕೇಳುತ್ತಿತ್ತು. ಗಡಿಯಾರ ನಿಂತುಹೋದ ಮನೆಯಲ್ಲಿ ಆಗುತ್ತದಲ್ಲ, ಅಂಥದೊಂದು ಖಾಲಿತನ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ‘ಕಾಗೆ ಎಲ್ಲಿವೆ?’ ಎಂದು ಕೇಳುವ ಮಾಸ್ತರನನ್ನು ಜನ ಏನೆಂದುಕೊಂಡಾರು?

ನಿದ್ದೆಗಣ್ಣಿನಲ್ಲಿ ನಡೆದಂತೆ ನಡೆಯುತ್ತ ಕಾಳಿ ಸೇತುವೆ ದಾಟಿ ಚಿತ್ತಾಕುಲದ ಕಡೆಗೆ ಬಂದಾಗ ಬಿಸಿಲು ಇಳಿದಿತ್ತು. ಹೊಳೆ ಸಮುದ್ರ ಸೇರುವಲ್ಲಿ, ಮರಳಿನ ಮೇಲೆ ಒಂದು ಕುಟುಂಬ ಕೂತಿತ್ತು. ಅವರೆದುರು ಬಾಳೆಲೆ. ಎಲೆಯ ಮೇಲೆ ಅನ್ನದ ಮುದ್ದೆ, ಪಕ್ಕದಲ್ಲೊಂದು ಬೀಡಿ. ಮನೆಯಲ್ಲಿ ಯಾರೋ ತೀರಿಕೊಂಡು ಹನ್ನೊಂದನೆಯ ದಿನವಿರಬೇಕು, ಕಾಗೆಗೆ ಎಡೆ ಇಟ್ಟಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯಿತು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟದಿದ್ದರೆ ಅವನ ಆಸೆ ಏನೋ ಉಳಿದಿದೆ ಎಂದು ಅರ್ಥ. ಅಲ್ಲಿಯವರೆಗೆ ಮನೆಯವರು ಉಣ್ಣುವಂತಿಲ್ಲ.

ನಾನು ದೂರ ನಿಂತೆ. ಅವರಲ್ಲೊಬ್ಬ ಯುವಕ ಎದ್ದು ಬಂದ.

“ಎಂತಕ್ಕೆ ನಿಂತಿದ್ರಿ ಇಲ್ಲಿ?”

“ಕಾಗೆಯ ಫೋಟೊ ಬೇಕಾಗಿತ್ತು” ಎಂದೆ. ಹೇಳಿದ ಮೇಲೆ ನನಗೇ ಹೇಸಿಗೆಯಾಯಿತು.

ಅವನು ಸಿಟ್ಟಿಗೇಳುವಷ್ಟರಲ್ಲಿ ಎಲೆಯ ಪಕ್ಕ ಕೂತಿದ್ದ ಅವನ ತಾಯಿ, ತೀರಿಕೊಂಡವನ ಹೆಂಡತಿ ಹೊನ್ನಮ್ಮ, ಕೂಗಿ ಹೇಳಿದರು: “ಇರ್ಲಿ ಬಿಡಾ ಗಣಪತಿ. ಅವ್ರಿಗೂ ಕಾಗೆನೇ ಬೇಕಂತೆ. ಕೂತ್ಕಳ್ಲಿ.”

ಹಾಗೆ ನಾನೂ ಅವರ ಜೊತೆ ಕೂತು ಆಕಾಶ ನೋಡತೊಡಗಿದೆ. ಸತ್ತವನ ಹೆಸರು ಬೊಮ್ಮಯ್ಯ. ಗದ್ದೆ ಕೂಲಿ ಮಾಡುತ್ತಿದ್ದವನು, ಬಿಡುವಿನಲ್ಲಿ ಪುಟ್ಟ ಪಾತಿದೋಣಿಯಲ್ಲಿ ಮೀನು ಹಿಡಿಯುತ್ತಿದ್ದವನು. ಅವನಿಗೆ ಏನು ಆಸೆ ಉಳಿದಿರಬಹುದೆಂದು ಒಬ್ಬೊಬ್ಬರೂ ಊಹಿಸಿ ಎಲೆಯೆದುರು ಮಾತು ಕೊಡುತ್ತಿದ್ದರು. ತಂಗಿಯ ಮದುವೆ ಮಾಡುತ್ತೇನೆ ಎಂದ ಗಣಪತಿ. ಬೇಲಿಯ ಜಗಳ ಬಿಟ್ಟೆ ಎಂದ ಬೊಮ್ಮಯ್ಯನ ತಮ್ಮ. ಅಷ್ಟಕ್ಕೇ ನಿಲ್ಲದೆ ಸೆರೆ ಕುಡಿಯುವುದನ್ನೂ ಬಿಟ್ಟೆ ಎಂದ. ಕಾಗೆ ಬರಲಿಲ್ಲ. ಹೊನ್ನಮ್ಮನವರ ತುಟಿ ಒಣಗಿತ್ತು. ಗಂಡ ಹಸಿದು ಹೋದನಲ್ಲ ಎಂಬ ಸಂಕಟ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಒಮ್ಮೆ ಅವರ ಕಣ್ಣು ನನ್ನ ಕ್ಯಾಮೆರಾದ ಮೇಲೆ ನಿಂತಿತು. “ಅವ್ರೂ ಹೇಳ್ತಿದ್ರು” ಎಂದರು. “ಹೊಳೇಲಿ ಯಾರೋ ನನ್ ಫೋಟೊ ಹೊಡ್ದ್ರು ಅಂತ. ನಾವೆಲ್ಲಾ ನಗ್ಯಾಡ್ದ್ವು. ನಿಮ್ಮ ಮೋರೆ ಯಾರ್ ತೆಗೀತಾರೆ ಅಂದೆ ನಾನು. ಸಾಯೂಕೆ ಮುಂಚೆನೂ ಅದ್ನೇ ಹೇಳಿದ್ರು. ಒಬ್ರೂ ನಂಬ್ಲಿಲ್ಲ.”

ನನಗೆ ಥಟ್ಟನೆ ನೆನಪಾಯಿತು. ಆ ವರ್ಷದ ಜನವರಿಯಲ್ಲಿ ಇದೇ ಹೊಳೆಮೂಲೆಯಲ್ಲಿ ಒಂದು ಬೂದು ಬಕದ ಫೋಟೊ ತೆಗೆದಿದ್ದೆ. ಅದರ ಹಿಂದೆ ಪಾತಿದೋಣಿಯೊಂದು ಅಡ್ಡ ಬಂದು, ಅದರಲ್ಲಿದ್ದವನು ನನ್ನ ಕಡೆ ಕೈ ಎತ್ತಿ ನಕ್ಕಿದ್ದ. ಚಿತ್ರ ಕೆಡಿಸಿದನಲ್ಲ ಎಂದು ಬೈದುಕೊಂಡಿದ್ದೆ. ಸ್ಟುಡಿಯೋದವನಿಗೆ ಹೇಳಿ, ದೋಣಿಯನ್ನೂ ಮನುಷ್ಯನನ್ನೂ ಬಿಟ್ಟು ಹಕ್ಕಿಯನ್ನಷ್ಟೇ ದೊಡ್ಡದು ಮಾಡಿಸಿದ್ದೆ.

“ಅವರು ಹೇಳಿದ್ದು ನಿಜ. ತೆಗೆದವನು ನಾನೇ” ಎಂದೆ.

ಹೊನ್ನಮ್ಮ ನಂಬಲಿಲ್ಲ. “ತಲೆಗೆ ಎಂತ ಇತ್ತು?”

“ಅಡಿಕೆಹಾಳೆಯ ಟೊಪ್ಪಿ. ಒಂದು ಬದಿ ಹರಿದಿತ್ತು.”

ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಎಲೆಯ ಕಡೆ ತಿರುಗಿ, ಎದುರಿಗೇ ಕೂತವರಿಗೆ ಹೇಳುವಂತೆ ಹೇಳಿದರು: “ನೀವ್ ಹೇಳಿದ್ದು ಖರೇ ಆಗಿತ್ತು. ನಾನೇ ತಪ್ಪ್ ತಿಳ್ಕಂಡೆ. ಈಗ್ ಬನ್ನಿ, ಉಣ್ಣಿ.”

ಮಬ್ಬಿನೊಳಗಿಂದ ಒಂದು ಕಾಗೆ ಬಂತು. ಬೂದು ಕುತ್ತಿಗೆಯ ಊರಕಾಗೆ. ಯಾರಿಗೂ ಹೆದರದೆ ಎಲೆಯ ಪಕ್ಕ ಇಳಿದು ನಿಧಾನವಾಗಿ ಅನ್ನ ಕುಕ್ಕತೊಡಗಿತು. ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು, ಫಿಲ್ಮೂ ಇತ್ತು, ಬೆಳಕು ಇನ್ನೂ ಸ್ವಲ್ಪ ಇತ್ತು. ಆದರೆ ನಾನು ತೆಗೆಯಲಿಲ್ಲ. ಯಾರೋ ಉಣ್ಣುತ್ತಿದ್ದಾರೆ, ಉಣ್ಣುವವರ ಫೋಟೊ ತೆಗೆಯಬಾರದು ಎಂದಷ್ಟೇ ಅನ್ನಿಸಿತು. ಸಂಪ್ರದಾಯ ನಂಬದ ನನಗೆ ಹಾಗೇಕೆ ಅನ್ನಿಸಿತೋ ಕಾಣೆ. ಪಂಥ ಸೋತೆ.

ಅಂಕೋಲೆಯ ಬಸ್ಸು ಹತ್ತುವಾಗ ಮರಗಳ ತುಂಬ ಕಾಗೆಗಳ ಗಲಾಟೆ. ನಾಚಿಕೆ ಬಿಟ್ಟು ಕಂಡಕ್ಟರನನ್ನು ಕೇಳಿದೆ: ಇಷ್ಟು ಹೊತ್ತು ಇವೆಲ್ಲ ಎಲ್ಲಿದ್ದವು?

“ಎಲ್ಲಿಗ್ ಹೋಗ್ತಾವೆ ಮಾಸ್ತರ್ರೆ? ಬೆಳಗಾಗಿಂದ ಕೂಗಿ ಕೂಗಿ ತಲೆ ತಿಂದ್ವಲ್ಲ!” ಎಂದು ಅವನು ಟಿಕೆಟ್ ಹರಿದ.

ಮುಂದಿನ ವಾರ ಜನವರಿಯ ಆ ಬಕದ ಫೋಟೊವನ್ನು ಏನೂ ಬಿಡದೆ ಪೂರ್ತಿ ಅಚ್ಚು ಹಾಕಿಸಿ ಚಿತ್ತಾಕುಲಕ್ಕೆ ಒಯ್ದೆ. ಹೊನ್ನಮ್ಮ ಬಹಳ ಹೊತ್ತು ನೋಡಿದರು. “ಹೆಂಗ್ ಹಲ್ ಕಿಸ್ದಿದಾರೆ ನೋಡಿ” ಎಂದು ನಕ್ಕರು, ಅತ್ತರು. ಆಮೇಲೆ ದೋಣಿಯ ಹಿಂತುದಿಯ ಮೇಲೆ ಬೆರಳಿಟ್ಟರು. “ಅವ್ರ ಕಾಗೆನೂ ಬಂದದೆ. ದಿನಾ ಮೀನ್ ಹಾಕ್ತಿದ್ರು ಅದ್ಕೆ.”

ಬಗ್ಗಿ ನೋಡಿದೆ. ಬೊಮ್ಮಯ್ಯನ ಬೆನ್ನ ಹಿಂದೆ ಬೂದು ಕುತ್ತಿಗೆಯ ಕಾಗೆಯೊಂದು ಕೂತಿತ್ತು. ನನ್ನ ಇನ್ನೂರನೆಯ ಹಕ್ಕಿ ಜನವರಿಯಿಂದಲೂ ನನ್ನ ಹತ್ತಿರವೇ ಇತ್ತು.

ಅದನ್ನು ಗೆಳೆಯನಿಗೆ ಬರೆಯಲಿಲ್ಲ. ಫೋಟೊದ ಕಾಗೆಗೆ ಏನೋ ಸಮಜಾಯಿಷಿ ಹೇಳಿಕೊಳ್ಳಬಹುದು, ಬಕದ ಮೇಲೆ ಕಣ್ಣಿಟ್ಟವನಿಗೆ ಬೇರೇನೂ ಕಾಣದು. ಆದರೆ ಆ ದಿನ? ಇಡೀ ಕಾರವಾರಕ್ಕೆ ಕಂಡ ಕಾಗೆಗಳು ಕಾಣದಿದ್ದದ್ದು ನಮಗಷ್ಟೇ. ಬೊಮ್ಮಯ್ಯನ ಮಾತನ್ನು ನಂಬದ ಅವನ ಮನೆಯವರಿಗೆ, ಮತ್ತೆ ಅವನನ್ನು ಕತ್ತರಿಸಿ ಬಿಸಾಕಿದ ನನಗೆ. ಅದು ಹೇಗೆ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ.