ಮೂರು ಸಲ ಹೇಳುವ ಸಾಹೇಬರು

ವೈರ್‌ಲೆಸ್ ಸಾಹೇಬರ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೂದಲು ಅಮುಕಿ ಕೂತ ಗೆರೆಯೊಂದಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಬಿದ್ದ ಗೆರೆ. ಜಮಖಂಡಿಯಲ್ಲಿ, ಹೊಳೆಯ ಬ್ಯಾರೇಜು ನೋಡಿಕೊಳ್ಳುವ ಸಣ್ಣ ಕಚೇರಿಗೆ ನಾನು ಕಂಪ್ಯೂಟರ್ ಆಪರೇಟರಾಗಿ ಸೇರುವ ಹೊತ್ತಿಗೆ ವೈರ್‌ಲೆಸ್ ಸೆಟ್ಟು ಗುಜರಿಗೆ ಹೋಗಿತ್ತು. ಗೆರೆ ಮಾತ್ರ ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಹೋಗಿರಲಿಲ್ಲ.

ಸೆಟ್ಟಿನ ಕಾಲದ ರೂಢಿ ನಾಲಿಗೆಗೂ ಅಂಟಿತ್ತು. ಗಾಳಿಯಲ್ಲಿ ಮಾತು ಹರಿದುಹೋಗುತ್ತದೆಂದು ಆಗ ಪ್ರತಿ ಸಂದೇಶವನ್ನೂ ಮೂರು ಸಲ ಹೇಳಬೇಕಿತ್ತಂತೆ. ಚಹಾದವನಿಗೂ ಅಷ್ಟೇ: "ಸಕ್ಕರಿ ಕಮ್ಮಿ, ಸಕ್ಕರಿ ಕಮ್ಮಿ, ಸಕ್ಕರಿ ಕಮ್ಮಿ!" ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಒಮ್ಮೆ ಹೇಳಿದ್ರ ಕೇಳ್ತೈತ್ರಿ ಸಾಹೇಬ್ರ, ನಾನೇನು ಕಿವುಡಿ ಅಲ್ಲ" ಎಂದರೆ, "ಕೇಳಿದ್ದು ಬ್ಯಾರೆ, ಮುಟ್ಟಿದ್ದು ಬ್ಯಾರೆ ತಂಗಿ" ಎನ್ನುವರು.

ಸೆಟ್ಟಿನ ಜಾಗಕ್ಕೆ ಒಂದು ವೆಬ್‌ಪುಟ ಬಂದಿತ್ತು. ಬ್ಯಾರೇಜಿನ ಗೇಟಿಗೆ ಸಿಮ್ ಹಾಕಿದ ಡಬ್ಬಿಯೊಂದನ್ನು ಕೂರಿಸಿದ್ದರು. ನಾವು ಪುಟದಲ್ಲಿ ಬರೆದು 'ಕಳಿಸು' ಒತ್ತಿದ ಸಂದೇಶ ಸರದಿಯಲ್ಲಿ ನಿಲ್ಲುತ್ತಿತ್ತು. ಬ್ಯಾಟರಿ ಉಳಿಸಲು ಡಬ್ಬಿ ಮಲಗಿರುತ್ತಿತ್ತು. ಆಗಾಗ ಎದ್ದು, ತನ್ನ ಹೆಸರಿಗೆ ನಿಂತದ್ದನ್ನೆಲ್ಲ ಒಯ್ದು, ಹೇಳಿದ್ದು ಮಾಡಿ, ಉತ್ತರ ಇಟ್ಟು ಮತ್ತೆ ಮಲಗುತ್ತಿತ್ತು. ಆ ಉತ್ತರವನ್ನು ನಾವು ಅದೇ ಪುಟದಿಂದ ತೆಗೆದುಕೊಳ್ಳಬೇಕು. "ಬೀಗರ ಮನಿಗೆ ಹೇಳಿ ಕಳಿಸಿದಂಗ ಆತು. ಅವರು ಎದ್ದ ಮ್ಯಾಲ ಸುದ್ದಿ!" ಎಂದು ಸಾಹೇಬರು ನಗುತ್ತಿದ್ದರು. ಬೇಸಿಗೆಯುದ್ದಕ್ಕೂ ನೀರಿನ ಮಟ್ಟ ಎಷ್ಟೆಂದು ಮೂರು ಸಲ ಕೇಳುವರು, ಮೂರು ಸಲವೂ ಅದೇ ಉತ್ತರ ಬರುವುದು. ಯಾರ ಗಂಟೇನು ಹೋಗಬೇಕು?

ಮಳೆಗಾಲ ಬಂತು. ಮೇಲಿನಿಂದ ನೀರು ಬರುತ್ತಿದೆ, ಮೊದಲು ಗೇಟು ಒಂದಡಿಯಷ್ಟೇ ಏರುತ್ತದೆ, ಅಷ್ಟರಲ್ಲಿ ಹೊಳೆಯೊಳಗಿನ ಮೋಟರು ಎತ್ತಿಕೊಳ್ಳಿ ಎಂದು ಬ್ಯಾರೇಜಿನ ಕೆಳಗಿನ ದಂಡೆಯ ಊರುಗಳಲ್ಲಿ ಡಂಗುರ ಸಾರಿಸಿದ್ದರು. ನಮ್ಮಪ್ಪನೂ ಮೋಟರಿನ ಹಗ್ಗ ಬಿಚ್ಚಲು ಹೊಳೆಗೆ ಇಳಿದಿದ್ದ. ಇತ್ತ ಸಾಹೇಬರು 'ಗೇಟು ಒಂದಡಿ ಏರಿಸು' ಎಂದು ಬರೆದು ಒತ್ತಿದರು. ತುಟಿ ಅಲ್ಲಾಡಿಸುತ್ತ ಮತ್ತೆ ಒತ್ತಿದರು. ಮತ್ತೊಮ್ಮೆ.

"ಸಾಹೇಬ್ರ, ಮೂರು ನಿಂತಾವ್ರಿ! ಮೂರೂ ಒಯ್ದ್ರ ಮೂರಡಿ ಏಳ್ತೈತಿ!"

ಅಳಿಸಲು ಕೈ ಹಾಕಿದೆ. ಅಷ್ಟರಲ್ಲೇ ಡಬ್ಬಿ ಎದ್ದಿತ್ತು. ಕಣ್ಣೆದುರೇ ಒಂದೊಂದಾಗಿ ಮೂರೂ ಸಾಲು ಸರದಿಯಿಂದ ಹೋದವು. ಗೇಟಿನ ಕಾವಲುಗಾರ ಫೋನು ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. "ಅಪ್ಪ ನೀರಾಗ ಅದಾನ್ರಿ" ಎಂದೆ. ಸಾಹೇಬರು ಎದ್ದು ಕುರ್ಚಿ ನನ್ನತ್ತ ತಳ್ಳಿದರು. "ಎರಡಡಿ ಇಳಿಸಂತ ಬರಿ. ಒಮ್ಮೆ ಒತ್ತು. ಒಮ್ಮೆ ಅಷ್ಟ!" ಎಂದವರೇ ಸ್ಕೂಟರ್ ಹತ್ತಿ ನಮ್ಮೂರ ದಂಡೆಗೆ ಹೊರಟರು.

ಒಮ್ಮೆ ಒತ್ತಿ, ಕೈ ಮಡಿಲಲ್ಲಿ ಹಿಡಿದು ಕೂತೆ. ಡಬ್ಬಿ ಮತ್ತೆ ಮಲಗಿತ್ತು; ಅದು ಏಳುವವರೆಗೆ ಗೇಟು ಇಳಿಯುವಂತಿರಲಿಲ್ಲ. ಸುಳ್ಳ್ಯಾಕ ಹೇಳಲಿ, ಸಾಹೇಬರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ದಂಡೆಯ ಮೇಲೆ ನಡೆದದ್ದನ್ನು ಆಮೇಲೆ ಅಪ್ಪನೇ ಹೇಳಿದ. "'ಮ್ಯಾಲ ಬರ್ರಿ' ಅಂತ ಒದರಿದ್ರು. ಮೊದಲನೇದು ನೀರಿನ ಸಪ್ಪಳದಾಗ ಕೇಳಲಿಲ್ಲವ್ವಾ. ಎರಡನೇದಕ್ಕ ಯಾರೋ ಎತ್ತು ಹೊಡ್ಯಾಕತ್ತಾರ ಅಂದ್ಕೊಂಡೆ. ಮೂರನೇದಕ್ಕ ತಿರುಗಿ ನೋಡಿದೆ." ಅಪ್ಪ ಹಗ್ಗ ಬಿಟ್ಟು ದಂಡೆ ಹತ್ತಿದ. ಹತ್ತಿ ನಿಲ್ಲುವುದರೊಳಗೆ ನೀರು ಬಂದು ಮೋಟರನ್ನು ಎಳೆದುಕೊಂಡು ಹೋಯಿತು. ಅವನು ಇವತ್ತು ಉಣ್ಣುವ ತುತ್ತು ಆ ಮೂರನೇ ಕೂಗಿನದು.

ಮರುದಿನ ಹಿರಿಯ ಅಧಿಕಾರಿಗಳು ಬಂದು, ಯಂತ್ರ ಕೆಟ್ಟಿತ್ತೇ, ಈ ಹುಡುಗಿ ತಪ್ಪಿದಳೇ ಎಂದು ಕೇಳಿದರು. "ಯಂತ್ರದ್ದಲ್ರಿ, ಈ ತಂಗೀದೂ ಅಲ್ಲ. ಕೈ ನಂದು" ಎಂದರು ಸಾಹೇಬರು. ಆ ಮಾತು ಮಾತ್ರ ಒಮ್ಮೆಯೇ ಹೇಳಿದರು. ಆಮೇಲೆ ಅವರು ಆ ಗುಂಡಿ ಮುಟ್ಟಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು, "ಒತ್ತು. ಇನ್ನ ಕೈ ತೊಡಿ ಮ್ಯಾಲ ಇಟ್ಕೊ. ಉತ್ತರ ಬರೂತನಕ ತಗೀಬ್ಯಾಡ" ಎನ್ನುವರು. ನಾನು ಇವತ್ತಿಗೂ ಹಾಗೆಯೇ ಕೂರುತ್ತೇನೆ.

ನಿವೃತ್ತರಾದ ಮೇಲೆ ಲಕ್ವಾ ಹೊಡೆದು ಅವರ ಮಾತು ನಿಂತಿತು. ಅಪ್ಪ ಹಟ ಹಿಡಿದು ರಬಕವಿಯ ಅವರ ಮನೆಗೆ ನನ್ನನ್ನು ಕರೆದುಕೊಂಡು ಹೋದ. ಓಣಿ ತುಂಬ ಮಗ್ಗದ ಸಪ್ಪಳ. ದಿಂಬಿನ ಮೇಲೆ ಆ ತಲೆ, ಬೆಳ್ಳಗಾದ ಕೂದಲಿನಲ್ಲೂ ಅದೇ ಗೆರೆ. ಅಪ್ಪ ಅವರ ಕಿವಿಯ ಹತ್ತಿರ ಬಾಗಿ, "ಸಾಹೇಬ್ರ, ನಾ ಮ್ಯಾಲ ಬಂದೇನ್ರಿ" ಎಂದ. ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಎಂದ. ಮೂರನೇ ಸಲ ಎಂದಾಗ ಸಾಹೇಬರು ಕಣ್ಣು ಬಿಟ್ಟು ಅಪ್ಪನನ್ನು ನೋಡಿದರು. ನೋಡುತ್ತಲೇ ಇದ್ದರು.

ಅದೇ ವಾರ ಅವರ ಮಗ ಫೋನು ಮಾಡಿ, "ಅಕ್ಕಾ, ಅಪ್ಪಾ ಹ್ವಾದ್ರು" ಎಂದ. ನನಗೆ ಕೇಳಿತ್ತು.

"ಇನ್ನೊಮ್ಮೆ ಹೇಳಪ್ಪಾ" ಅಂದೆ.